ಗೂಬೆ ಚಿತ್ರದ ಕೆಳಗೆ ಮರದ ವಿಳಾಸ ಬೇಡ

ಮಾನ್ಯ ಸಂಪಾದಕರೇ,

ದೀಪಾವಳಿ ಕಳೆದು ಕೋಲ, ಕಂಬಳ, ಬಯಲಾಟಗಳ ಓಡಾಟ ಶುರುವಾಗುವ ಹೊತ್ತಿಗೆ ಕರಾವಳಿಯ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಗೂಬೆಯ ಚಿತ್ರವೊಂದಾದರೂ ಬರುವುದು ವಾಡಿಕೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ಕೆಳಗೆ ಊರಿನ ಹೆಸರು, ದೇವಸ್ಥಾನದ ಹೆಸರು, ಕೆಲವೊಮ್ಮೆ ‘ಕೆರೆ ಬದಿಯ ಗೋಳಿಮರದಲ್ಲಿ’ ಎಂಬಷ್ಟು ವಿವರವೂ ಇರುತ್ತದೆ. ನಮ್ಮ ತಕರಾರು ಈ ಕೊನೆಯ ಸಾಲಿನದ್ದು.

ಮಿಂಚುಳ್ಳಿಯ ಚಿತ್ರಕ್ಕೆ ಊರು ಹಾಕಿದರೆ ನಷ್ಟವಿಲ್ಲ. ಮರುದಿನ ಹೋದವರಿಗೆ ಸಿಕ್ಕರೆ ಸಿಕ್ಕಿತು. ಗೂಬೆ ಹಾಗಲ್ಲ. ಹಗಲು ಕೂರಲು ಒಂದು ಮರ, ಆ ಮರದಲ್ಲೂ ಒಂದು ಕೊಂಬೆ ಎಂದು ಗೊತ್ತುಮಾಡಿಕೊಂಡು ತಿಂಗಳುಗಟ್ಟಲೆ ಅಲ್ಲೇ ಕೂರುತ್ತದೆ. ಗೂಡು ಮಾಡಿದ ಪೊಟರೆಗೆ ಮತ್ತೆ ಮತ್ತೆ ಮರಳುತ್ತದೆ. ಅದರ ಮರ ಹೇಳುವುದೆಂದರೆ ಮನೆಯ ಡೋರ್ ನಂಬರ್ ಕೊಟ್ಟ ಹಾಗೆ. ಬೆಳಿಗ್ಗೆ ಪತ್ರಿಕೆಯಲ್ಲಿ ಬಂದರೆ ಸಂಜೆಗೆ ಮರದ ಬುಡದಲ್ಲಿ ಸಾಲು ಬೈಕು. ಬರುವವರೆಲ್ಲ ಕ್ಯಾಮೆರಾದವರೇ ಆಗಿರಬೇಕೆಂದೂ ಇಲ್ಲ. ಲಕ್ಷ್ಮಿಯ ವಾಹನವೆಂಬ ಕಾರಣಕ್ಕೇ ದೀಪಾವಳಿ ಹತ್ತಿರ ಬಂದಾಗ ಗೂಬೆ ಹಿಡಿದು ಮಾಟಕ್ಕೆ ಬಲಿ ಕೊಡುವ ದಂಧೆ ದೇಶದಲ್ಲಿದೆ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ 2010ರಲ್ಲೇ ಇದರ ಬಗ್ಗೆ ವರದಿ ಹೊರತಂದಿತ್ತು. ತುಳುನಾಡಿನ ದೀಪಾವಳಿ ಲಕ್ಷ್ಮಿಯದ್ದಲ್ಲ, ಬಲಿಯೇಂದ್ರನದ್ದು (ಬಲಿ ಚಕ್ರವರ್ತಿಯದ್ದು) ಎಂದು ನಾವು ಸಮಾಧಾನ ಪಟ್ಟುಕೊಳ್ಳಬಹುದು. ಹಿಡಿದು ಮಾರುವವನಿಗೆ ಹಬ್ಬ ಯಾರದಾದರೇನು?

ಹಾಗೆಂದು ಕ್ಯಾಮೆರಾ ಹಿಡಿದವರ ಮೇಲೆಲ್ಲ ಗೂಬೆ ಕೂರಿಸುವುದು ಈ ಪತ್ರದ ಉದ್ದೇಶವಲ್ಲ. ಗೂಬೆಗೆ ತೊಂದರೆಯಾಗದ ಹಾಗೆ ಒಳ್ಳೆಯ ಚಿತ್ರ ತೆಗೆಯಲು ಬರುತ್ತದೆ. ಅದಕ್ಕೆ ಯಾರದೋ ಮರದ ವಿಳಾಸ ಬೇಕಾಗಿಲ್ಲ. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ತೋಟ, ಹಾಡಿ (ಊರ ಬದಿಯ ಕಾಡು), ಬನ, ಹೊಳೆ ಇರುವ ಊರುಗಳಲ್ಲೆಲ್ಲ ಗೂಬೆಯಿದೆ. ಹುಡುಕುವ ಕ್ರಮ ಗೊತ್ತಿದ್ದರಾಯಿತು.

ಹುಡುಕಾಟ ಕಿವಿಯಿಂದ ಶುರುವಾಗಬೇಕು. ಸೂರ್ಯ ಮುಳುಗಿದ ಮೇಲಿನ ಮುಕ್ಕಾಲು ಗಂಟೆ, ಬೆಳಗಿನ ಜಾವ ಬೆಳಕು ಹರಿಯುವ ಮುಂಚಿನ ಮುಕ್ಕಾಲು ಗಂಟೆ ಅಂಗಳದಲ್ಲಿ ಸುಮ್ಮನೆ ಕೂತು ನಾಲ್ಕೈದು ದಿನ ಕೇಳಿ. ಕೆಲವು ಸೆಕೆಂಡಿಗೊಮ್ಮೆ ಪ್ರಶ್ನೆ ಕೇಳಿದಂತೆ ಒಂದೇ ಒಂದು ‘ವಕ್?’ ಎಂದರೆ ಚಿಟ್ಟುಗೂಬೆ. ‘ಕೂ-ವುಕ್, ಕೂ-ವುಕ್’ ಎಂದು ಹತ್ತು ಹದಿನೈದು ಸಲ ಒಂದೇ ಲಯದಲ್ಲಿ ತೇಲಿ ಬಂದರೆ ಗಿಡುಗಗೂಬೆ; ತೋಟದ ಅಂಚು, ಹಾಡಿಯ ಬಾಯಿ ಅದರ ಜಾಗ. ಹೊಳೆ ಬದಿಯಿಂದ ಖಾಲಿ ಡ್ರಮ್ಮಿನೊಳಗೆ ಉಸುರಿದಂತೆ ‘ಬೂಂ… ಬೂಂ’ ಎಂದರೆ ಮೀನುಗೂಬೆ. ನಡುಗುವ ದನಿಯಲ್ಲಿ, ನಕ್ಕಿತೋ ಅತ್ತಿತೋ ತಿಳಿಯದ ಹಾಗೆ ‘ಛುವ್ವಾ…ಆರ್ರ್’ ಎಂದರೆ ಹಳೆಯ ಮಾವು, ಗೋಳಿಗಳಲ್ಲಿ ಇರುವ ಮಚ್ಚೆಯ ಮರಗೂಬೆ. ಗಡಿಯಾಚೆ ಮಲಯಾಳದಲ್ಲಿ ಇದರ ಹೆಸರೇ ಕಾಲನ್‌ಕೋಳಿ, ಅಂದರೆ ಯಮನ ಕೋಳಿ. ಗೂಬೆ ಕೂಗಿದರೆ ಸಾವು ಎಂಬ ಮಾತಿಗೆ ಬೇರೆಲ್ಲ ಗೂಬೆಗಳಿಗಿಂತ ಈ ಒಂದು ಹಕ್ಕಿಯ ಕೊರಳೇ ಹೆಚ್ಚು ಕಾರಣ ಎಂದು ನಮಗನ್ನಿಸುತ್ತದೆ.

ಹಂಚಿನ ಮನೆಯ ಅಟ್ಟದಿಂದ ‘ಬುಸ್ಸ್’ ಎಂದು ಕೇಳಿ ನಾಗರಹಾವೆಂದು ಹಾವು ಹಿಡಿಯುವವರಿಗೆ ಫೋನು ಹೋಗುವುದುಂಟು. ಹಾವು ಹೆದರಿದಾಗಷ್ಟೇ ಬುಸುಗುಡುತ್ತದೆ, ಮತ್ತೆ ಸುಮ್ಮನಾಗುತ್ತದೆ. ಕತ್ತಲಾದಲ್ಲಿಂದ ಗಂಟೆಗಟ್ಟಲೆ ಅದೇ ಸದ್ದು ಬರುತ್ತಿದ್ದರೆ ಅದು ಊಟ ಕೇಳುತ್ತಿರುವ ಕಣಜಗೂಬೆಯ ಮರಿಗಳು. ಮೊಟ್ಟೆಗಳು ಒಂದೆರಡು ದಿನದ ಅಂತರದಲ್ಲಿ ಒಂದೊಂದಾಗಿ ಒಡೆಯುವುದರಿಂದ ಒಂದೇ ಗೂಡಿನಲ್ಲಿ ದೊಡ್ಡದು, ಸಣ್ಣದು, ತೀರ ಸಣ್ಣದು ಹೀಗೆ ಮೆಟ್ಟಿಲಿನಂತೆ ಮರಿಗಳಿರುತ್ತವೆ. ಎರಡು ತಿಂಗಳು ಸಹಿಸಿಕೊಂಡರೆ ಹಾರಿ ಹೋಗುತ್ತವೆ. ಅಷ್ಟರಲ್ಲಿ ಮನೆಯ ಸುತ್ತಲಿನ ಇಲಿಗಳ ಸಂಖ್ಯೆಯೂ ಇಳಿದಿರುತ್ತದೆ. ಆ ಎರಡು ತಿಂಗಳು ಬ್ರೊಮಾಡಿಯೊಲೋನ್ ಇರುವ ಇಲಿ ಕೇಕನ್ನು ಮಾತ್ರ ಇಡಬೇಡಿ. ಅದನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಮಂಕಾಗಿ ಕೆಲವು ದಿನ ಓಡಾಡುತ್ತದೆ, ಗೂಬೆಗೆ ಸುಲಭವಾಗಿ ಸಿಗುವುದೂ ಅಂಥದೇ.

ದನಿಯ ದಿಕ್ಕು ತಿಳಿದ ಮೇಲೆ ಹಗಲು ಹೋಗಿ ಮರದ ಬುಡ ನೋಡಿ. ಸುಣ್ಣ ಚೆಲ್ಲಿದಂತೆ ಹಿಕ್ಕೆಯ ಬಿಳಿ ಗೀರು, ಅದರ ಜೊತೆ ಹೆಬ್ಬೆರಳ ಗಾತ್ರದ ಬೂದುಕಪ್ಪು ಉಂಡೆಗಳಿದ್ದರೆ ಮೇಲೆ ಗೂಬೆ ಕೂರುತ್ತದೆ ಎಂದೇ ಲೆಕ್ಕ. ಗೂಬೆ ಜೀರ್ಣವಾಗದ ಎಲುಬು, ಕೂದಲನ್ನು ಉಂಡೆ ಮಾಡಿ ಕಕ್ಕುತ್ತದೆ. ಕೈಗವಸು, ಮಾಸ್ಕ್ ಹಾಕಿಕೊಂಡು ಎತ್ತಿ, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಚಿಮಟದಿಂದ ಬಿಡಿಸಿದರೆ ತಲೆಬುರುಡೆಗಳು ಇಡಿಯಾಗಿ ಸಿಗುತ್ತವೆ. ಮುಂದೆ ಉಳಿಯಂತಹ ಹಳದಿ-ಕಿತ್ತಳೆ ಹಲ್ಲು, ಅದರ ಹಿಂದೆ ಖಾಲಿ ಜಾಗ ಇದ್ದರೆ ಇಲಿ. ಉದ್ದ ಮೂತಿಯ ಬುರುಡೆಯಲ್ಲಿ ಸಾಲಾಗಿ ಚೂಪು ಬಿಳಿ ಹಲ್ಲುಗಳಿದ್ದರೆ ಸುಂಡಿಲಿ. ಫೋಟೊ ಸಿಗದ ದಿನವೂ ಇದೊಂದು ಕೆಲಸ ಕೈತುಂಬ ಸಿಗುತ್ತದೆ. ಮೇಲೆ ನೋಡಬೇಕೆನಿಸಿದರೂ ಮರದಡಿ ನಿಲ್ಲಬೇಡಿ. ಗುರುತು ಮಾಡಿಕೊಂಡು ಹಿಂದೆ ಬನ್ನಿ, ಸಂಜೆ ದೂರದಿಂದ ನೋಡೋಣ.

ಎಷ್ಟು ದೂರ? ಇದನ್ನು ಭಾವನೆಗೆ ಬಿಡದೆ ಲೆಕ್ಕಕ್ಕೆ ಒಪ್ಪಿಸುವುದು ಒಳ್ಳೆಯದು. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕೆ 600 ಎಂಎಂ ಲೆನ್ಸ್ ಹಾಕಿ 20 ಮೀಟರ್ ದೂರ ನಿಂತರೆ ಚೌಕಟ್ಟಿನ ಎತ್ತರ 80 ಸೆಂಟಿಮೀಟರ್. ಅದರಲ್ಲಿ 21 ಸೆಂಟಿಮೀಟರಿನ ಪುಟ್ಟ ಗೂಬೆ ಹಾಲಕ್ಕಿ ಕಾಲು ಭಾಗ ತುಂಬುತ್ತದೆ. ಅದಕ್ಕಿಂತ ಸಣ್ಣ ಕ್ರಾಪ್ ಸೆನ್ಸರ್ ಆದರೆ ಸುಮಾರು ಐದರಲ್ಲಿ ಎರಡು ಭಾಗ. ಅರ್ಧ ಮೀಟರಿಗೂ ಮಿಕ್ಕಿದ ಮೀನುಗೂಬೆ 30 ಮೀಟರ್ ದೂರದಿಂದಲೇ ಫುಲ್ ಫ್ರೇಮಿನಲ್ಲಿ ಹತ್ತಿರ ಹತ್ತಿರ ಅರ್ಧ ಚೌಕಟ್ಟು ತುಂಬುತ್ತದೆ. ಪತ್ರಿಕೆಯ ಎರಡು ಕಾಲಂ ಚಿತ್ರಕ್ಕೆ ಇದು ಧಾರಾಳ. ಆದ್ದರಿಂದ ಸಣ್ಣ ಗೂಬೆಗೆ 20, ದೊಡ್ಡದಕ್ಕೆ 30, ಗೂಡಿದ್ದರೆ 50 ಮೀಟರ್ ಎಂದು ನಾವು ಇಟ್ಟುಕೊಂಡಿರುವ ಗಡಿಯಿಂದ ಚಿತ್ರಕ್ಕೆ ಕೊರತೆಯಾಗುವುದಿಲ್ಲ. ಮೊಬೈಲಿನಲ್ಲಿ ಗೂಬೆ ತೆಗೆಯಲು ಹೋದವರೇ ಹೆಚ್ಚಾಗಿ ಮರದ ಬುಡಕ್ಕೆ ಹೋಗುವುದು. ಅವರು ಬೈನಾಕ್ಯುಲರ್ ಕೊಂಡರೆ ಒಳ್ಳೆಯದು. ಮುಸ್ಸಂಜೆಗೆ 10×42ಕ್ಕಿಂತ 8×42 ಮೇಲು: ಕಣ್ಣಿಗೆ ತಲುಪುವ ಬೆಳಕಿನ ವೃತ್ತ ಮೊದಲನೆಯದರಲ್ಲಿ 4.2 ಮಿಲಿಮೀಟರ್, ಎರಡನೆಯದರಲ್ಲಿ 5.25.

ನಮ್ಮ ಅಕ್ಷಾಂಶದಲ್ಲಿ ಮುಸ್ಸಂಜೆ ಗಿಡ್ಡ. ಸೂರ್ಯ ಮುಳುಗಿದ ಮೇಲೆ ಚಿತ್ರಕ್ಕೆ ಒದಗುವ ಬೆಳಕು ಇಪ್ಪತ್ತು ನಿಮಿಷವೇ ಹೆಚ್ಚು. ಡಿಸೆಂಬರ್ ಆರಂಭದಲ್ಲಿ ಮಂಗಳೂರಿನಲ್ಲಿ ಆರು ಗಂಟೆ ದಾಟುತ್ತಲೇ ಸೂರ್ಯಾಸ್ತ. ಐದೂಕಾಲಿಗೆಲ್ಲ ಜಾಗ ಹಿಡಿದು ಕೂತಿರಬೇಕು. ಗೂಬೆ ಎದ್ದ ಮೇಲೆ ಬರುವವನನ್ನು ಗೂಬೆ ನೋಡುತ್ತದೆ, ಮೊದಲೇ ಬಂದು ಕೂತವನನ್ನು ಕಲ್ಲೋ ಬೊಡ್ಡೆಯೋ ಎಂದು ಬಿಡುತ್ತದೆ. ಹೊರಬೀಳುವ ಮುಂಚೆ ಅದು ಕೊಂಬೆಯ ಮೇಲೆ ಐದು ಹತ್ತು ನಿಮಿಷ ಮೈ ಕೊಡವಿ, ಒಂದು ರೆಕ್ಕೆ ಒಂದು ಕಾಲು ಒಟ್ಟಿಗೆ ಚಾಚಿ, ಬಾಯಿ ಆಕಳಿಸಿ ಸಿದ್ಧವಾಗುತ್ತದೆ. ಬೇಕಾದ ಚಿತ್ರಗಳೆಲ್ಲ ಆ ಹತ್ತು ನಿಮಿಷದಲ್ಲಿವೆ. ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕಿದ ಮೇಲೆ ಕೆಳಗಿನ ತೆಳುನೀರಿನ ಬದಿಯಲ್ಲಿ ಮೀನುಗೂಬೆ ಬಂದು ಕೂರುವ ಸಾಧ್ಯತೆ ಹೆಚ್ಚು. ಏಡಿ, ಕಪ್ಪೆ, ಮೀನು ಮೂರೂ ಅಲ್ಲಿ ಸಿಗುತ್ತವೆ.

ಶಟರ್ ವೇಗ ಇಳಿಸಲು ಹೆಚ್ಚಿನವರು ಹೆದರುತ್ತಾರೆ. ಎಫ್ 6.3ರ ಲೆನ್ಸಿನಲ್ಲಿ ಐಎಸ್‌ಒ 6400 ಇಟ್ಟರೂ ಮರದ ನೆರಳಲ್ಲಿ ಸೂರ್ಯಾಸ್ತವಾಗಿ ಹತ್ತು ನಿಮಿಷಕ್ಕೆ ಸೆಕೆಂಡಿನ 1/30ಕ್ಕೆ ಇಳಿಯಬೇಕಾಗುತ್ತದೆ. ಹಾರುವ ಹಕ್ಕಿಗೆ ಇದು ಸಾಲದು, ಕೂತ ಗೂಬೆಗೆ ಸಾಕು. ಟ್ರೈಪಾಡಿನ ಮೂರು ಕಾಲನ್ನೂ ಮಣ್ಣಿಗೆ ಒತ್ತಿ, ನಡುಕಂಬ ಎತ್ತದೆ, ಮಿರರ್‌ಲೆಸ್ ಆದರೆ ಎಲೆಕ್ಟ್ರಾನಿಕ್ ಶಟರಿನಲ್ಲಿ ಸದ್ದಿಲ್ಲದೆ ಹತ್ತು ಹತ್ತರ ಕಂತು ತೆಗೆಯಿರಿ. ಗೂಬೆ ತಲೆ ನಿಲ್ಲಿಸಿದ ಕ್ಷಣದ ಒಂದೆರಡು ಹರಿತವಾಗಿ ಬರುತ್ತವೆ. ಬೀದಿದೀಪದ ಎಲ್‌ಇಡಿ ಬೆಳಕಲ್ಲಿ ಮಾತ್ರ ಎಲೆಕ್ಟ್ರಾನಿಕ್ ಶಟರ್ ಅಡ್ಡಪಟ್ಟೆ ಮೂಡಿಸಬಹುದು. ಆಕಾಶ ಹಿನ್ನೆಲೆಯಾದರೆ ಬೆಳಕನ್ನು ಒಂದರಿಂದ ಒಂದೂವರೆ ಸ್ಟಾಪ್ ಏರಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಕಣಜಗೂಬೆಯ ಬಿಳಿ ಎದೆಗೆ ಮುಕ್ಕಾಲು ಸ್ಟಾಪ್ ಇಳಿಸಿ. ಎಲ್ಲಕ್ಕಿಂತ ಮೊದಲು ಕ್ಯಾಮೆರಾದ ಮೆನುವಿನಲ್ಲಿ ಮೂರು ಬಂದ್ ಮಾಡಿ: ಬೀಪ್, ಚಿತ್ರ ತೆಗೆದ ಕೂಡಲೇ ಪರದೆ ಬೆಳಗುವುದು, ಆಟೊಫೋಕಸಿಗೆ ನೆರವಾಗುವ ಪುಟ್ಟ ದೀಪ. ಫ್ಲ್ಯಾಶ್ ಬಳಸುವುದಿಲ್ಲ ಎನ್ನುವವರ ಕ್ಯಾಮೆರಾದಿಂದಲೂ ಗೂಬೆಯ ಕಣ್ಣಿಗೆ ನೇರ ಬೆಳಕು ಹೋಗುವುದು ಈ ಮೂರನೆಯದರಿಂದ. ಎಸಿ ಕಾರಿನಿಂದ ಇಳಿದ ಕೂಡಲೇ ನಮ್ಮ ಸೆಕೆಗೆ ಲೆನ್ಸ್ ಮಂಜಾಗುತ್ತದೆ, ಒರೆಸುವ ಗಡಿಬಿಡಿಯಲ್ಲಿ ಆ ಹತ್ತು ನಿಮಿಷ ಹೋಗುತ್ತದೆ. ತಲುಪುವ ಕಾಲು ಗಂಟೆ ಮೊದಲೇ ಎಸಿ ನಿಲ್ಲಿಸಿ.

ಫ್ಲ್ಯಾಶ್, ಟಾರ್ಚ್ ಏಕೆ ಬೇಡ ಎಂದರೆ: ಬೆಳಕಿನಿಂದ ಕತ್ತಲಿಗೆ ಹೋದ ಮನುಷ್ಯನ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಗೂಬೆಯ ಕಣ್ಣು ಮಂದ ಬೆಳಕಿಗೆಂದೇ ರೂಪುಗೊಂಡದ್ದು. ಅದು ನಂಬಿಕೊಂಡಿರುವ ಕಣ್ಣಿಗೆ ಹತ್ತು ಸಲ ಮಿಂಚು ಹೊಡೆದು, ಕೊಂಬೆ-ತಂತಿಗಳ ನಡುವೆ ಹಾರಿ ಹೋಗು ಎಂದರೆ ಏನಾಗಬಹುದು? ದಾರಿ ನೋಡಲು ಟಾರ್ಚ್ ಬೇಕೇ ಬೇಕು, ನೆಲಕ್ಕೆ ಹಿಡಿಯಿರಿ. ಗೂಬೆಯನ್ನು ಗುರುತಿಸಲೇಬೇಕಾದರೆ ಕೆಂಪು ಬೆಳಕಿನ ಅಂಚನ್ನು ಕೆಲವು ಸೆಕೆಂಡು ತಾಗಿಸಿದರೆ ಸಾಕು.

ಸದ್ದಿನ ಬಗ್ಗೆ ಒಂದು ಮಾತು ವಿಚಿತ್ರವೆನಿಸಬಹುದು: ಗೂಬೆಯ ಹತ್ತಿರ ಪಿಸುಗುಟ್ಟಬೇಡಿ, ತಗ್ಗಿದ ದನಿಯಲ್ಲಿ ಮಾತಾಡಿ. ಕಣಜಗೂಬೆ ಸದ್ದಿನ ಜಾಡು ಹಿಡಿಯುವುದರಲ್ಲಿ ಅತ್ಯಂತ ಚುರುಕಾಗಿರುವುದು 6ರಿಂದ 9 ಕಿಲೋಹರ್ಟ್ಸ್ ನಡುವೆ. ಒಣಗಿದ ಎಲೆಯಡಿ ಇಲಿ ಸರಿದಾಡುವ ಸದ್ದು ಅಲ್ಲೇ ಬರುತ್ತದೆ. ಪಿಸುಮಾತಿನ ‘ಸ್ಸ್’, ‘ಶ್ಶ್’ಗಳೂ ಅಲ್ಲೇ. ಚಿಪ್ಸ್ ಪ್ಯಾಕೆಟ್, ಬ್ಯಾಗಿನ ವೆಲ್ಕ್ರೊ, ನೈಲಾನ್ ರೇನ್‌ಕೋಟ್ ಕೂಡ. ಮೊಬೈಲಿನಲ್ಲಿ ಗೂಬೆಯ ಕೂಗು ಹಾಕಿ ಕರೆಯುವುದು ಇನ್ನೂ ಕೆಟ್ಟದ್ದು. ಬೇರೊಂದು ಗೂಬೆ ತನ್ನ ಜಾಗಕ್ಕೆ ನುಗ್ಗಿತೆಂದು ಅದು ಗೂಡು ಬಿಟ್ಟು ಬರುತ್ತದೆ. ಚಿಟ್ಟುಗೂಬೆಯ ಕೂಗು ಹಾಕಿದರೆ ಅದನ್ನು ಹಿಡಿದು ತಿನ್ನಬಲ್ಲ ದೊಡ್ಡ ಗೂಬೆಯೂ ಬರಬಹುದು. ಇಲಿ ಕಟ್ಟಿ ಕರೆಯುವವರೂ ಇದ್ದಾರೆ; ರಸ್ತೆ ಬದಿ ಊಟ ಸಿಗುತ್ತದೆಂದು ಕಲಿತ ಗೂಬೆಗೆ ಹೆದ್ದಾರಿಯ ಲಾರಿ ಗೊತ್ತಿರುವುದಿಲ್ಲ.

ಇನ್ನು ನಿಮ್ಮ ಫೋಟೊ ವಿಭಾಗಕ್ಕೆ ಉಪಯೋಗವಾಗುವ ಮಾತು. ಚಿಟ್ಟುಗೂಬೆಯ ಚಿತ್ರಗಳಲ್ಲಿ ಎಲ್ಲರೂ ಮೆಚ್ಚುವ ಭಂಗಿಯೊಂದಿದೆ: ಮೈ ಸಪೂರವಾಗಿ ನೀಳವಾಗಿ, ಕಿವಿಗರಿ ನಿಮಿರಿ, ಕಣ್ಣು ಗೀಟಿನಷ್ಟೇ ತೆರೆದು, ತೊಗಟೆಯ ಚೂರೋ ಎಂಬಂತೆ ನೆಟ್ಟಗೆ ನಿಂತದ್ದು. ಅದು ಹೆದರಿದ ಗೂಬೆ. ನೆಮ್ಮದಿಯ ಗೂಬೆ ಪುಗ್ಗೆಯಂತೆ ಗರಿ ಉಬ್ಬಿಸಿಕೊಂಡು, ಒಂದು ಕಾಲು ಹೊಟ್ಟೆಗೆ ಎಳೆದುಕೊಂಡು, ಕಣ್ಣು ಅರೆ ಮುಚ್ಚಿ ಕೂತಿರುತ್ತದೆ. ಹೆದರಿಕೆ ಶುರುವಾದಾಗ ಮೊದಲು, ಎತ್ತಿಕೊಂಡಿದ್ದ ಕಾಲು ಕೆಳಗಿಳಿಯುತ್ತದೆ. ಆಮೇಲೆ ಗರಿ ಮೈಗಂಟುತ್ತದೆ. ಆಮೇಲೆ ತಲೆಯನ್ನು ಮೇಲೆ ಕೆಳಗೆ, ಅತ್ತ ಇತ್ತ ಆಡಿಸುತ್ತದೆ. ನೋಡುವವರಿಗೆ ನಗು, ಗೂಬೆಗೆ ಅದು ನಿಮ್ಮ ದೂರದ ಅಳತೆ, ಯಾಕೆಂದರೆ ಅದರ ಕಣ್ಣು ಗುಳಿಯೊಳಗೆ ಹೊರಳುವುದಿಲ್ಲ. ಕೊನೆಗೆ ಹಿಕ್ಕೆ ಹಾಕಿ ಹಾರುತ್ತದೆ. ಕಾಲು ಕೆಳಗಿಳಿದಾಗಲೇ ಹಿಂದೆ ಸರಿಯುವವನು ಒಳ್ಳೆಯ ಛಾಯಾಗ್ರಾಹಕ. ಹಗಲಲ್ಲಿ ಹಾರಿಸಿದರಂತೂ ಕಾಗೆ, ಕಾಜಾಣ, ಪಿಕಳಾರಗಳ ದಂಡು ಅಟ್ಟಿಸಿಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ಇದರ ಬೆಲೆ ಇನ್ನೂ ಹೆಚ್ಚು: ಸದ್ದಿಲ್ಲದೆ ಹಾರಲೆಂದು ಮೃದುವಾದ ಕಣಜಗೂಬೆಯ ಗರಿ ನೀರು ತಡೆಯುವುದಿಲ್ಲ, ಆಷಾಢದ ಜಡಿಮಳೆಯಲ್ಲಿ ಸೂರಿನಡಿ ಕೂತದ್ದನ್ನು ಎಬ್ಬಿಸಿದರೆ ಅದಕ್ಕೆ ಹೋಗಲು ಜಾಗವಿಲ್ಲ.

ಹೆಸರುಗಳಲ್ಲೂ ತಪ್ಪಾಗುತ್ತದೆ. ಕಿವಿಗರಿ ಕಂಡರೆ ಸಾಕು, ‘ಕೊಂಬಿನ ಗೂಬೆ’. ಕೊಂಬಿನ ಗೂಬೆಯ ಕಣ್ಣು ಕಿತ್ತಳೆ, ಕಾಲು ಬೆರಳ ತನಕ ಗರಿ. ಕಲ್ಲುಗುಡ್ಡದ ಹಕ್ಕಿ ಅದು. ಮೀನುಗೂಬೆಯ ಕಣ್ಣು ಹಳದಿ, ಕಿವಿಗರಿ ಬದಿಗೆ ವಾಲಿದ್ದು, ಕಾಲು ಬೋಳು. ಕಣ್ಣು ಕಪ್ಪಾಗಿದ್ದು ಕಿವಿಗರಿಯೇ ಇಲ್ಲದಿದ್ದರೆ ಮರಗೂಬೆಯತ್ತ ಯೋಚಿಸಿ. ಬುಡುಬುಡಿಕೆಯವರು ಶಕುನ ಹೇಳುವ ಹಾಲಕ್ಕಿಗೆ ಮೈಮೇಲೆ ಬಿಳಿ ಚುಕ್ಕೆ. ತೋಟಗಳಲ್ಲಿ ಹಗಲೂ ಓಡಾಡುವ ಅದರ ಕಾಡಿನ ದಾಯಾದಿಗೆ ಒತ್ತೊತ್ತಾದ ಅಡ್ಡಪಟ್ಟೆ. ರಾತ್ರಿ ರಸ್ತೆಯಲ್ಲಿ ಕೂತು ಕಣ್ಣು ಕೆಂಪಗೆ ಹೊಳೆಸುವ ನತ್ತಿಂಗ, ಘಟ್ಟದಡಿಯ ಕಾಡಿನಲ್ಲಿ ಜೋಡಿಯಾಗಿ ತರಗೆಲೆಯಂತೆ ಕೂರುವ ಕಪ್ಪೆಬಾಯಿ, ಎರಡೂ ಬೇರೆ ಹಕ್ಕಿಗಳು, ಗೂಬೆಗಳಲ್ಲ.

ಕೋಲದ ಋತುವೇ ನಮ್ಮ ಹೆಚ್ಚಿನ ಗೂಬೆಗಳ ಗೂಡಿನ ಋತು. ಗರ್ನಾಲು (ಸಿಡಿಮದ್ದು), ಫ್ಲಡ್‌ಲೈಟುಗಳನ್ನು ಅವು ಹೇಗೋ ತಾಳಿಕೊಳ್ಳುತ್ತವೆ, ಒಂದು ರಾತ್ರಿಯ ಮಾತು. ದಿನವೂ ಪೊಟರೆಯ ಎದುರು ನಿಲ್ಲುವ ಜನರನ್ನು ತಾಳುವುದಿಲ್ಲ. ಚಿತ್ರ ಚೊಕ್ಕವಾಗಲೆಂದು ಪೊಟರೆಯ ಮುಂದಿನ ಕೊಂಬೆ ಕಡಿದರೆ ಮರಿಗಳು ಬಿಸಿಲಿಗೂ ಕಾಗೆಗೂ ಒಡ್ಡಿಕೊಳ್ಳುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬುದರ ಅರ್ಥದೊಳಗೆ ಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಸೋಮೇಶ್ವರ, ಮೂಕಾಂಬಿಕಾ, ಕುದುರೆಮುಖದ ಸಂರಕ್ಷಿತ ಕಾಡಿಗೆ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ. ಘಾಟಿಯಲ್ಲಿ ಕಾರು ನಿಲ್ಲಿಸಿ ಸ್ಪಾಟ್‌ಲೈಟ್ ಆಡಿಸಿದರೆ ಬೇಟೆಯವರೆಂದೇ ತಿಳಿಯುತ್ತಾರೆ, ತಿಳಿಯುವುದು ಸರಿಯೂ ಹೌದು. ಖಾಸಗಿ ತೋಟಕ್ಕೆ ಮನೆಯವರನ್ನು ಹಗಲೇ ಕೇಳಿ, ಹಂದಿ ತಡೆಯಲು ಕರೆಂಟಿನ ತಂತಿ ಎಳೆದಿದ್ದಾರೆಯೇ ಎಂದೂ ಕೇಳಿ. ನಾಗಬನದೊಳಗೆ ಕಾಲಿಡದೆ ಹೊರಗಿನಿಂದಲೇ ಎಲ್ಲ ಕಾಣುತ್ತದೆ. ಮಂಡೆ ಹೋದ ತೆಂಗಿನ ಬೊಡ್ಡೆ ಮನೆ ಮೇಲೆ ಬೀಳುವಂತಿಲ್ಲದಿದ್ದರೆ ಕಡಿಸಬೇಡಿ, ಮರಕುಟಿಗ ಕೊರೆದ ತೂತಿಗೆ ಮುಂದಿನ ವರ್ಷ ಹಾಲಕ್ಕಿ ಬರಬಹುದು.

ಕೆಳಗೆ ಬಿದ್ದ ಮರಿ ಕಂಡರೆ ಅನ್ನ, ಹಾಲು ಕೊಡಬೇಡಿ. ಗಾಯವಿಲ್ಲದಿದ್ದರೆ ಬುಟ್ಟಿಯಲ್ಲಿಟ್ಟು ಅದೇ ಮರಕ್ಕೆ ನಾಯಿ, ಬೆಕ್ಕಿಗೆ ಎಟುಕದಷ್ಟು ಎತ್ತರದಲ್ಲಿ ಕಟ್ಟಿ. ಮನುಷ್ಯ ಮುಟ್ಟಿದನೆಂದು ತಾಯಿ ಬಿಡುವುದಿಲ್ಲ, ಕತ್ತಲಾದ ಮೇಲೆ ಬಂದು ಉಣಿಸುತ್ತದೆ. ಗಾಯವಿದ್ದರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಕೊನೆಗೆ ಸಂಪಾದಕರಲ್ಲಿ ಕೋರಿಕೆ. ಗೂಬೆಯ ಚಿತ್ರಕ್ಕೆ ತಾಲೂಕಿನ ಹೆಸರು ಸಾಕು. ಮೊಟ್ಟೆ-ಮರಿಯ ಚಿತ್ರ ಬಂದರೆ ಪತ್ತನಾಜೆ (ಮೇ ಕೊನೆಯಲ್ಲಿ ಕೋಲದ ಋತು ಮುಗಿಯುವ ದಿನ) ಕಳೆಯುವ ತನಕ ಇಟ್ಟುಕೊಂಡು ಹಾಕಿ. ಹಿನ್ನೆಲೆ ಶಾಯಿಯಂತೆ ಕಪ್ಪಾಗಿ, ಹಕ್ಕಿ ಮಾತ್ರ ಬೆಳಗಿ, ಅರಳಿದ ಪಾಪೆಯೊಳಗಿಂದ ಕೆಂಪು ಹೊಳಪು ಬರುತ್ತಿದ್ದರೆ ಅದು ಫ್ಲ್ಯಾಶಿನದ್ದು, ವಾಪಸು ಕಳಿಸಿ. ಮೊಬೈಲಿನಿಂದ ಬರುವ ಮೂಲ ಕಡತದಲ್ಲಿ ಜಿಪಿಎಸ್ ಅಡಗಿರುತ್ತದೆ. ಜಾಲತಾಣಕ್ಕೆ ಏರಿಸುವ ಮುನ್ನ ಅಳಿಸುವಂತೆ ನಿಮ್ಮ ಡೆಸ್ಕಿಗೆ ತಿಳಿಸಿ. ‘ಮೀನುಗೂಬೆ, ಕಾರ್ಕಳ ತಾಲೂಕು. ಸಂಜೆಯ ಬೆಳಕಿನಲ್ಲಿ’ ಇಷ್ಟಿದ್ದರೆ ಅಡಿಬರಹ ತುಂಬಿತು.

ಇತಿ,
ಕೆಲವು ಪಕ್ಷಿ ವೀಕ್ಷಕರು
ಉಡುಪಿ